ನೀಲಿ ತಲೆಯ ಗೂಟಗಳು

ಜನವರಿ 14

ಅಕ್ಕಾ,

ಎರಡು ತಿಂಗಳು ಸುದ್ದಿಯಿಲ್ಲದವನು ಈಗ ಬರೆದಿದ್ದಾನೆಂದರೆ ಏನೋ ಎಡವಟ್ಟಾಗಿದೆ ಎಂದುಕೊಂಡೇ ನೀನು ಈ ಲಕೋಟೆ ಒಡೆದಿರುತ್ತೀಯ. ಏನೂ ಆಗಿಲ್ಲ. ಆರೋಗ್ಯವಾಗಿದ್ದೇನೆ, ಹಲ್ಲುನೋವು ಕೂಡ ಹೋಗಿದೆ. ಕೆಲಸ ಸಿಕ್ಕಿದೆ.

ಈ ಸಲದ ಚುನಾವಣೆಗೆ ನಿಂತಿರುವ ದೊಡ್ಡವರ ಪ್ರಚಾರ ಕಚೇರಿಯಲ್ಲಿ. ಮುಚ್ಚಿಹೋದ ಕುರ್ಚಿ ಮಂಚದ ಅಂಗಡಿಯೊಂದನ್ನು ಬಾಡಿಗೆಗೆ ಹಿಡಿದಿದ್ದಾರೆ. ಕುರ್ಚಿಗಳ ಮೇಲಿನ ಪ್ಲಾಸ್ಟಿಕ್ ಇನ್ನೂ ತೆಗೆದಿಲ್ಲ, ಕೂತರೆ ಎದ್ದರೆ ಚರಪರ ಸದ್ದು. ಪ್ರಚಾರದ ಉಸ್ತುವಾರಿ ಹೊತ್ತವರ ಕಿವಿಯ ಮೇಲೆ ಸದಾ ಒಂದು ಪೆನ್ಸಿಲ್ ಇರುತ್ತದೆ. ಅದರಲ್ಲಿ ಅವರು ಏನಾದರೂ ಬರೆದದ್ದನ್ನು ಕಂಡವರಿಲ್ಲ. ನಾವೆಲ್ಲ ಅವರನ್ನು ಪೆನ್ಸಿಲ್ ಸಾಹೇಬರು ಎನ್ನುತ್ತೇವೆ.

ಚುನಾವಣೆಯಲ್ಲಿ ಸರ್ವೇಯರನಿಗೇನು ಕೆಲಸ ಎಂದು ನೀನು ಕೇಳುತ್ತೀಯ. ಬೀದಿ ಬೀದಿ ತಿರುಗಿ ಅಳತೆ ಮಾಡುವುದು, ಗೂಟ ಹೊಡೆಯುವುದು, ಅಷ್ಟೇ. ಬರೆಯುವಂಥ ವಿಶೇಷ ಏನಿಲ್ಲ. ನೆಲದ ಏರಿಳಿತ ಅಳೆಯಲು ಅಪ್ಪನ ಲೆವೆಲ್ ಯಂತ್ರವನ್ನೇ ಒರೆಸಿ ಬಳಸುತ್ತಿದ್ದೇನೆ. ದೊಡ್ಡವರು ಗೆದ್ದರೆ ಸರ್ಕಾರಿ ಸರ್ವೆಯಲ್ಲಿ ಕಾಯಂ ಮಾಡಿಸುತ್ತೇವೆ ಎಂದು ಪೆನ್ಸಿಲ್ ಸಾಹೇಬರು ಹೇಳಿದ್ದಾರೆ. ನಾಲ್ಕು ವರ್ಷ ಅವರಿವರ ಸೈಟಿನ ಮೂಲೆ ತೋರಿಸಿಕೊಂಡು ಅಲೆದವನಿಗೆ ಆ ಮಾತು ಕೇಳಿ ಕಣ್ಣು ಮಂಜಾಯಿತು, ಸುಳ್ಳು ಹೇಳುವುದಿಲ್ಲ.

ಕೆಳಪೇಟೆಯ ಕೋಣೆ ಏನಾಯಿತು? ಆ ಮನೆಯೊಡತಿ ಫೆಬ್ರವರಿ ಕೊನೆಯವರೆಗೆ ನಿನಗಾಗಿ ಕಾಯುತ್ತೇನೆ ಎಂದಿದ್ದರಲ್ಲ. ಹಿತ್ತಲಲ್ಲಿ ನಲ್ಲಿ ಇರುವ ಕೋಣೆ ಇನ್ನೊಮ್ಮೆ ಸಿಗುವುದಿಲ್ಲ. ಲಾಂಡ್ರಿ ನಡೆಸುವವಳು ವಾರಕ್ಕೆ ಎರಡು ಸಲ ಬರುವ ಟ್ಯಾಂಕರಿಗೆ ಕಾದು, ಏರಿನಲ್ಲಿ ಕೊಡ ಹೊತ್ತು, ಇನ್ನೆಷ್ಟು ದಿನ ಬೆನ್ನು ಮುರಿದುಕೊಳ್ಳುತ್ತೀಯ? ಸುಮ್ಮನೆ ಹೂಂ ಅಂದುಬಿಡು.

ನಿನ್ನ ಕಡ್ಡಿ


ಫೆಬ್ರವರಿ 3

ಏ ಕಡ್ಡಿ ಪೈಲ್ವಾನ,

ಸುದ್ದಿ ಕೇಳು. ಮೊನ್ನೆ ಮಂಗಳವಾರ ನಾನು ಆಸ್ಪತ್ರೆಯ ಹಾಸಿಗೆ ಬಟ್ಟೆ ಕೊಟ್ಟು ಬರಲು ಹೋಗಿದ್ದೆ. ವಾಪಸ್ಸು ಬಂದು ನೋಡಿದರೆ ನಮ್ಮ ಬೀದಿಯ ಉದ್ದಕ್ಕೂ ಗೂಟ! ಗುಡ್ಡದ ತುದಿಯ ದೊಡ್ಡ ತೊಟ್ಟಿಯಿಂದ ಹಿಡಿದು ಬೀದಿಯ ಕೊನೆಯ ಮನೆಯವರೆಗೆ, ಎಣಿಸಿದೆ, ನಲವತ್ತೊಂದು. ಎಲ್ಲದರ ತಲೆಗೂ ನೀಲಿ ಬಣ್ಣ. ನೀಲಿ ಎಂದರೆ ನೀರಿನ ಕೊಳವೆ ಎಂದು ನಾನೇನು ಪುಸ್ತಕ ನೋಡಿ ತಿಳಿಯಬೇಕೆ? ಅಪ್ಪನ ಜೊತೆ ಅಳತೆಯ ಸರಪಳಿ ಎಳೆದವಳು ನಾನು, ನೀನು ಆಗ ಇನ್ನೂ ಚಡ್ಡಿ ಜಾರಿಸಿಕೊಂಡು ಓಡುತ್ತಿದ್ದೆ.

ಬೀದಿಯವರು ಗೂಟಗಳ ಸುತ್ತ ನಿಂತು ತಲೆಗೊಂದು ಮಾತಾಡುತ್ತಿದ್ದರು. ಪಕ್ಕದ ಮನೆಯ ಗಡಿಯಾರದ ಅಜ್ಜ ಮಾತ್ರ, ನಲವತ್ತು ವರ್ಷ ಕೈಗಡಿಯಾರ ಬಿಚ್ಚಿ ಜೋಡಿಸಿದ ಮನುಷ್ಯ ನೋಡು, ಯಾವುದನ್ನೂ ಹಾಗೇ ನಂಬುವವರಲ್ಲ. “ಚುನಾವಣೆ ಹತ್ರ ಬಂತಲ್ಲ, ಇದೂ ಒಂದು ಆಟ ಇರ್ಬೇಕು. ನೀನು ಸರ್ವೆಯವನ ಮಗಳು ತಾನೇ? ಓದಿ ಹೇಳು,” ಅಂದರು. ನಾನು ಮಂಡಿಯೂರಿ ಒಂದೊಂದರ ಮೇಲೂ ಬರೆದಿದ್ದ ಅಂಕಿ ಓದಿದೆ. ನಮ್ಮ ಬಾಗಿಲ ಮುಂದಿನದು ಹದಿನೇಳನೆಯದು: ಅಗೆತ ಮೂರು ಅಡಿ ನಾಲ್ಕು ಅಂಗುಲ. ನೂರು ಅಡಿಗೆ ಒಂದು ಅಡಿಯಂತೆ ಇಳಿಕೆ, ಎಲ್ಲೂ ತಪ್ಪಿಲ್ಲ. ಬ್ರೆಡ್ಡಿನವನ ಅಂಗಡಿಯ ಮುಂದೆ ಬಂಡೆ ಸಿಗುತ್ತದಲ್ಲ, ಅಲ್ಲಿ ಗೂಟದ ಸಾಲು ನಯವಾಗಿ ಬಾಗಿ ಸುತ್ತು ಹಾಕಿದೆ. ಆಟಕ್ಕೆ ಹೊಡೆಯುವವನು ಬಂಡೆಯ ಚಿಂತೆ ಮಾಡುತ್ತಾನೆಯೆ? “ಇದು ಆಟ ಅಲ್ಲ ಅಜ್ಜ, ನೀರು ಬರುತ್ತೆ,” ಅಂದೆ. ಇಡೀ ಬೀದಿಗೆ ಕೇಳುವ ಹಾಗೆ ಅಂದೆ.

ಹೊಡೆದವನು ಯಾರೋ, ಟೋಪಿ ಹಾಕಿದ ಒಣಕಲು ಆಸಾಮಿಯಂತೆ, ತಲೆಯೆತ್ತಿ ಯಾರ ಹತ್ತಿರವೂ ಮಾತಾಡಲಿಲ್ಲವಂತೆ. ಯಾರೇ ಇರಲಿ, ಕೈಯಲ್ಲಿ ಕಸುಬಿದೆ. ಅವನ ಹೊಟ್ಟೆ ತಣ್ಣಗಿರಲಿ.

ನಿನ್ನ ಅಕ್ಕ


ಫೆಬ್ರವರಿ 9

ಅಕ್ಕಾ,

ಕಾಗದ ತಲುಪಿತು. ಇಲ್ಲಿ ಉಸಿರಾಡಲು ಪುರುಸೊತ್ತಿಲ್ಲ, ಅದಕ್ಕೆ ಎರಡೇ ಸಾಲು.

ಗೂಟ ಹೊಡೆದ ಕೂಡಲೇ ಕೊಳವೆ ಬರುವುದಿಲ್ಲ. ಮಂಜೂರಾತಿ ಆಗಬೇಕು, ಟೆಂಡರ್ ಕರೆಯಬೇಕು, ನೂರೆಂಟು ಇರುತ್ತದೆ. ಅಪ್ಪ ಹೊಡೆದ ಎಷ್ಟು ಗೂಟಗಳು ಹಾಗೆಯೇ ಗೆದ್ದಲು ಹಿಡಿದು ಹೋದವು, ನಿನಗೇ ಗೊತ್ತು. ಬೀದಿಯವರಿಗೆ ಅಷ್ಟು ಗಟ್ಟಿಯಾಗಿ ಹೇಳಬೇಕಾಗಿರಲಿಲ್ಲ. ಕೆಳಪೇಟೆಯ ಕೋಣೆ ಬಿಡಬೇಡ. ನೀರು ಬರುವುದಾದರೆ ಬರಲಿ, ನೀನು ಮೊದಲು ಕೋಣೆಗೆ ಹೂಂ ಅನ್ನು.

ನಿನ್ನ ಕಡ್ಡಿ


ಫೆಬ್ರವರಿ 16

ತಮ್ಮಾ,

ನಿನ್ನ ಎರಡು ಸಾಲು ಓದಿ ನಗು ಬಂತು. ನೀನು ಚಿಕ್ಕವನಿದ್ದಾಗಲೂ ಹೀಗೆಯೇ, ಮಿಠಾಯಿ ಜೇಬಿನಲ್ಲಿಟ್ಟುಕೊಂಡು ಇಲ್ಲವೇ ಇಲ್ಲ ಎನ್ನುತ್ತಿದ್ದೆ, ಕಿವಿ ಮಾತ್ರ ಕೆಂಪಾಗುತ್ತಿತ್ತು. ಆಫೀಸಿನ ಗುಟ್ಟು ಹೊರಗೆ ಹೇಳಬಾರದು ಎಂದಿದ್ದರೆ ಹೇಳಬೇಡ, ನಾನು ಕೆದಕುವುದಿಲ್ಲ. ಕೋಣೆಯ ವಿಷಯ ನನಗೆ ಬಿಡು.

ಇಲ್ಲಿ ಬೀದಿಯೇ ಎದ್ದು ಕೂತಿದೆ. ಬ್ರೆಡ್ಡಿನವನ ಅಂಗಡಿಯ ಮೆಟ್ಟಿಲು ಗೂಟದ ಸಾಲಿಗೆ ಒಂದು ಗೇಣು ಅಡ್ಡ ಬರುತ್ತಿತ್ತು. ನಾಳೆ ಅಗೆಯುವವರು ಬಂದಾಗ ತಕರಾರು ಬೇಡ ಎಂದು ಅವನೇ ಒಡೆದು ಹಾಕಿದ. ಈಗ ಗಿರಾಕಿಗಳು ಹಲಗೆ ಹತ್ತಿ ಒಳಗೆ ಹೋಗುತ್ತಾರೆ, ಯಾರೂ ಬೈಯುವುದಿಲ್ಲ. ಅಜ್ಜನ ಮನೆಯ ಮುಂದಿನ ಹದಿನೆಂಟನೆಯ ಗೂಟ ಅವರ ನಿಂಬೆ ಗಿಡದ ಬುಡಕ್ಕೆ ಬಂದಿದೆ. ಅಜ್ಜಿ ಇದ್ದಾಗ ನೆಟ್ಟ ಗಿಡ. ಎರಡು ದಿನ ಅದರ ಸುತ್ತ ತಿರುಗಿದರು. ಮೂರನೆಯ ದಿನ ನನ್ನ ಹತ್ತಿರ ಬಂದು “ಬೇರು ಕೊಳವೆ ಒಡೆಯುತ್ತಾ?” ಎಂದು ಕೇಳಿದರು. ಒಡೆಯುತ್ತೆ ಅಜ್ಜ, ಅಂದೆ. ಇದ್ದದ್ದನ್ನೇ ಹೇಳಿದೆ. ಮಾರನೆಯ ದಿನ ತಾವೇ ಗರಗಸ ಹಿಡಿದು ಕುಯ್ದರು. ಬುಟ್ಟಿ ತುಂಬ ಕಾಯಿ ಮನೆ ಮನೆಗೆ ಹಂಚಿದರು. “ಅವಳೂ ಜೀವ ಇರೋವರೆಗೆ ನೀರು ಹೊತ್ತೋಳೇ. ಬೇಜಾರು ಮಾಡ್ಕೊಳ್ಳಲ್ಲ ಬಿಡು,” ಅಂದರು.

ಆಚೆ ಕಡೆಯ ಅಭ್ಯರ್ಥಿಯವರು ಬಂದು ನಲವತ್ತು ಭರವಸೆಗಳ ಪಟ್ಟಿ ಹಂಚಿ ಹೋದರು. ಬ್ರೆಡ್ಡಿನವನು ಅದರಲ್ಲೇ ಬನ್ನು ಕಟ್ಟಿ ಕೊಡುತ್ತಿದ್ದಾನೆ. ನಿಮ್ಮ ದೊಡ್ಡವರು ಏನೂ ಹೇಳಿಲ್ಲ, ತಮ್ಮ ಬಾವುಟದ ಗಾಡಿಯಲ್ಲಿ ಗೂಟ ಕಳಿಸಿ ಹೊಡೆಸಿದ್ದಾರೆ, ಅಷ್ಟೇ. ಅದೇ ಜನರಿಗೆ ಹಿಡಿಸಿದೆ.

ನೀನು ಸರಿಯಾಗಿ ಊಟ ಮಾಡುತ್ತಿಲ್ಲ ಎಂದು ಅಕ್ಷರ ನೋಡಿದರೇ ಗೊತ್ತಾಗುತ್ತದೆ.

ನಿನ್ನ ಅಕ್ಕ


ಫೆಬ್ರವರಿ 28

ಅಕ್ಕಾ,

ನಾಲ್ಕು ಸಲ ಬರೆದು ಹರಿದೆ. ಇದು ಐದನೆಯದು. ಇದನ್ನು ಹರಿಯಬಾರದು ಎಂದು ಅಂಚೆ ಕಚೇರಿಯ ಬೆಂಚಿನ ಮೇಲೆ ಕೂತೇ ಬರೆಯುತ್ತಿದ್ದೇನೆ.

ನಿಮ್ಮ ಬೀದಿಗೆ ನೀರಿನ ಯೋಜನೆ ಇಲ್ಲ. ಎಂದೂ ಇರಲಿಲ್ಲ. ಆ ಗೂಟಗಳನ್ನು ಹೊಡೆದವನು ನಾನು.

ಹದಿನೆಂಟು ಬೀದಿಗಳಲ್ಲಿ ಹೊಡೆದಿದ್ದೇನೆ. ನೀರಿಲ್ಲದ ಕಡೆ ನೀಲಿ, ರಸ್ತೆ ಕೇಳುವ ಕಡೆ ಕೆಂಪು, ಚರಂಡಿಗೆ ಹಳದಿ. ಇದು ಪೆನ್ಸಿಲ್ ಸಾಹೇಬರ ಉಪಾಯ. “ಮಾತು ಕೊಟ್ರೆ ತಾನೇ ಮಾತು ತಪ್ಪೋದು? ನಾವು ಒಂದು ಮಾತೂ ಆಡಿಲ್ಲ. ಗೂಟ ಮಾತಾಡುತ್ತಾ? ಜನ ಏನೋ ಅಂದ್ಕೊಂಡ್ರೆ ಅದಕ್ಕೆ ನಾವು ಹೊಣೆನಾ?” ಎನ್ನುತ್ತಾರೆ. ಮೊದಲ ದಿನ ಇದನ್ನು ಕೇಳಿದಾಗ ಎಲ್ಲರೂ ನಕ್ಕರು. ನಾನೂ ನಕ್ಕೆ. ದೊಡ್ಡವರು ಕೆಟ್ಟವರಲ್ಲ, ಆಚೆಯವರಿಗಿಂತ ಎಷ್ಟೋ ಮೇಲು, ಗೆದ್ದರೆ ಹದಿನೆಂಟರಲ್ಲಿ ನಾಲ್ಕಾದರೂ ನಿಜ ಮಾಡಿಯಾರು ಎಂದು ಮನಸ್ಸಿಗೆ ಸಮಜಾಯಿಷಿ ಹೇಳಿಕೊಂಡೆ. ನಾನೇ ಇಲ್ಲ ಎಂದರೆ ಇನ್ನೊಬ್ಬ ಹೊಡೆಯುತ್ತಾನೆ ಎಂದೂ ಹೇಳಿಕೊಂಡೆ.

ಸುಮ್ಮನೆ ಹತ್ತು ಹೆಜ್ಜೆಗೊಂದು ಬಡಿದು ಬಾ, ಅಳತೆ ಯಾರು ನೋಡುತ್ತಾರೆ ಎಂದರು. ಅದು ನನ್ನಿಂದ ಆಗಲಿಲ್ಲ ಅಕ್ಕಾ. ಯಂತ್ರ ನಿಲ್ಲಿಸಿ, ಕಣ್ಣು ಇಟ್ಟು, ಲೆಕ್ಕ ಹಾಕಿಯೇ ಹೊಡೆದೆ. ಸೊಟ್ಟ ಗೂಟ ಹೊಡೆದರೆ ಅಪ್ಪನಿಗೆ ಅವಮಾನ ಎಂದುಕೊಂಡೆ. ಬೇರೆ ಬಡಾವಣೆಗಳಿಗೆ ಹೋದ ಉಳಿದವರು ಸುಳ್ಳನ್ನು ಸುಳ್ಳಿನ ಹಾಗೆಯೇ ಹೊಡೆದರು, ಅದನ್ನು ನಂಬಿದವರು ಕಡಿಮೆ. ನಾನು ನಿಜದ ಹಾಗೆ ಹೊಡೆದೆ. ನಿಮ್ಮ ಅಜ್ಜನಂಥ ಅನುಮಾನದ ಮನುಷ್ಯರು ಗಿಡ ಕುಯ್ದದ್ದು ಅದಕ್ಕೇ. ನಿನ್ನ ಕಾಗದ ಬಂದ ದಿನದಿಂದ ಊಟದ ತಟ್ಟೆಯ ನಿಂಬೆಹೋಳನ್ನು ಎತ್ತಿ ಪಕ್ಕಕ್ಕಿಡುತ್ತೇನೆ.

ಪಟ್ಟಿಯಲ್ಲಿ ನಿಮ್ಮ ಬೀದಿಯೂ ಇತ್ತು. ಬೇಡ ಎನ್ನಬಹುದಿತ್ತು, ಎನ್ನಲಿಲ್ಲ. ಮಂಗಳವಾರ ನೀನು ಆಸ್ಪತ್ರೆಗೆ ಹೋಗುತ್ತೀಯ ಎಂದು ಗೊತ್ತಿದ್ದೇ ಬಂದೆ. ಬಾಗಿಲಿಗೆ ಬೀಗ ನೋಡಿ ಸಮಾಧಾನವಾಯಿತು. ಹದಿನೇಳನೆಯ ಗೂಟ ಹೊಡೆಯುವಾಗ ಕಿಟಕಿಯ ಮೇಲೆ ನೀನು ಒಣಗಲು ಹಾಕಿದ್ದ ಬಿಳಿ ಕೋಟುಗಳು ಕಾಣುತ್ತಿದ್ದವು.

ಒಂದು ಕೇಳುತ್ತೇನೆ. ಮತದಾನ ಮಾರ್ಚ್ 12ಕ್ಕೆ. ಅಲ್ಲಿಯವರೆಗೆ ಇದನ್ನು ಹೊಟ್ಟೆಯಲ್ಲಿಟ್ಟುಕೊ. ಬೀದಿಗೆ ಗೊತ್ತಾದರೆ ಸುದ್ದಿ ಹಬ್ಬುತ್ತದೆ, ಅವರು ಸೋಲುತ್ತಾರೆ, ನನ್ನ ಕೆಲಸ ಹೋಗುತ್ತದೆ. ಆಮೇಲೆ ನೀನು ಏನು ಹೇಳಿದರೂ ಸರಿ. ಕೋಣೆಯ ವಿಷಯ ನನಗೆ ಬಿಡು ಎಂದೆಯಲ್ಲ, ಹೂಂ ಅಂದಿರುತ್ತೀಯ, ಅದೊಂದೇ ನನಗೆ ನೆಮ್ಮದಿ.

ನಿನ್ನ ತಮ್ಮ


ಮಾರ್ಚ್ 15

ತಮ್ಮಾ,

ನಿನ್ನ ಕಾಗದ ಮಾರ್ಚ್ ಒಂದಕ್ಕೇ ಕೈಸೇರಿತು. ಹದಿನೈದು ದಿನ ಉತ್ತರ ಬರೆಯಲಿಲ್ಲ, ಫೋನ್ ಎತ್ತಲಿಲ್ಲ. ನಿನ್ನ ದನಿ ಕೇಳಿದರೆ ಮೆತ್ತಗಾಗುತ್ತೇನೆ ಎಂದೇ ಎತ್ತಲಿಲ್ಲ.

ನೀವು ಗೆದ್ದಿರಿ. ನಮ್ಮ ಬೀದಿಯ ಮತವಂತೂ ಹೆಚ್ಚುಕಡಿಮೆ ಪೂರ್ತಿ ನಿಮಗೇ ಬಿದ್ದಿದೆಯಂತೆ. ಗೂಟ ಹೊಡೆದವನು ನೀನು, ಗೂಟದ ಕಾರು ಮಾತ್ರ ಅವರಿಗೆ. ನಗು ಬಂದರೆ ನಗು.

ನಾನು ಬಾಯಿ ಬಿಡಲಿಲ್ಲ. ನೀನು ಕೇಳಿಕೊಂಡೆ ಎಂದು ಅಲ್ಲ. ಅಷ್ಟು ಒಳ್ಳೆಯ ಅಕ್ಕ ಎಂದುಕೊಳ್ಳಬೇಡ. ಮಾರ್ಚ್ ನಾಲ್ಕರ ಸೋಮವಾರ ಹೇಳಿಯೇಬಿಡಬೇಕು ಎಂದು ಟ್ಯಾಂಕರ್ ಸಾಲಿಗೆ ಹೋದೆ. ಅಜ್ಜ ನನ್ನನ್ನು ನೋಡಿ ಪಕ್ಕದವರಿಗೆ “ಇವಳು ಓದದೇ ಇದ್ದಿದ್ರೆ ನಾನು ನಂಬ್ತಾನೇ ಇರಲಿಲ್ಲ,” ಎಂದರು. ನನ್ನ ಬಾಯಿಗೆ ಬೀಗ ಬಿತ್ತು. ಆ ಮುಖದ ಮುಂದೆ ನನ್ನ ಮುಖ ಉಳಿಸಿಕೊಳ್ಳಬೇಕು ಅನ್ನಿಸಿತು, ಅಷ್ಟೇ. ಕಾಗದ ಬಂದಾಗಿನಿಂದ ಒಟ್ಟು ಹನ್ನೊಂದು ದಿನ ಹಾಗೆಯೇ ಕಳೆದೆ. ಹನ್ನೆರಡನೆಯ ದಿನ ಅವರೊಂದಿಗೇ ಸಾಲಿನಲ್ಲಿ ನಿಂತು ಮತ ಹಾಕಿದೆ. ಯಾರಿಗೆ ಹಾಕಿದೆ ಎಂದು ಹೇಳುವುದಿಲ್ಲ, ಹೇಳಲು ನಾಚಿಕೆ.

ನಿನಗೆ ಗೊತ್ತಿಲ್ಲದ ಎರಡು ಸಂಗತಿ ಇವೆ. ಗೂಟ ಹೊಡೆದವನು ನೀನೇ ಎಂದು ನನಗೆ ಅಂದೇ ಗೊತ್ತಾಗಿತ್ತು. ಗೂಟದ ತಲೆಯಲ್ಲಿ ಮೊಳೆ, ಮೊಳೆಯ ಕೆಳಗೆ ಡಬ್ಬಿ ತಗಡಿನ ದುಂಡು ಬಿಲ್ಲೆ. ಮಳೆಗೆ ಮರ ಸೀಳಬಾರದು ಎಂದು ಅಪ್ಪ ಕಂಡುಕೊಂಡ ಉಪಾಯ, ಅಪ್ಪ ಮತ್ತು ನೀನು ಬಿಟ್ಟರೆ ಹಾಗೆ ಹೊಡೆಯುವವರು ಲೋಕದಲ್ಲಿಲ್ಲ. ಹೇಳದೆ ಬಂದು ಹೇಳದೆ ಹೋಗಿದ್ದಾನೆ, ಆಫೀಸಿನ ಗುಟ್ಟಿರಬೇಕು, ತಾನಾಗಿಯೇ ಹೇಳಲಿ ಎಂದು ಸುಮ್ಮನಿದ್ದು ನಿನ್ನನ್ನು ಚುಡಾಯಿಸಿದೆ. ನಾನು ಬೀದಿಗೆ ಗಟ್ಟಿಯಾಗಿ ಹೇಳಿದ್ದು ಅಂಕಿ ನೋಡಿ ಅಲ್ಲವೋ. ಆ ಬಿಲ್ಲೆ ನೋಡಿ ಹೇಳಿದ್ದು.

ಎರಡನೆಯದು ಕೋಣೆ. ಫೆಬ್ರವರಿ ಐದಕ್ಕೇ ಕೆಳಪೇಟೆಗೆ ಹೋಗಿ ಬೇಡ ಎಂದು ಹೇಳಿ ಬಂದೆ. ಮನೆಬಾಗಿಲಿಗೇ ನೀರು ಬರುವಾಗ ಬೀದಿ ಬಿಟ್ಟು ಯಾಕೆ ಹೋಗಲಿ ಎಂದು ಮನೆಯೊಡತಿಯ ಮುಂದೆ ಜಂಬ ಬೇರೆ ಕೊಚ್ಚಿಕೊಂಡೆ. ಈಗ ಅಲ್ಲಿ ಟೈಪಿಂಗ್ ಕಲಿಸುವವರು ಬಂದಿದ್ದಾರೆ.

ಅಕ್ಕ


ಮಾರ್ಚ್ 24

ಅಕ್ಕಾ,

ನಿನ್ನ ಕಾಗದವನ್ನು ಎಷ್ಟು ಸಲ ಓದಿದೆನೋ. ಕೋಣೆಯ ವಿಷಯ ಬರೆದಲ್ಲಿಗೆ ಬಂದಾಗಲೆಲ್ಲ ಮಡಚಿ ಇಡುತ್ತೇನೆ. ಕ್ಷಮಿಸು ಎನ್ನುವುದಕ್ಕೂ ಮುಖವಿಲ್ಲ.

ಕೆಲಸದ ಆದೇಶ ಬಂದಿದೆ. ಮೊಹರು, ಸಹಿ, ಎಲ್ಲ ಇದೆ. ಅದರ ಜೊತೆಗೇ ಪೆನ್ಸಿಲ್ ಸಾಹೇಬರು ಕರೆದು ಬಾಯಲ್ಲೇ ಇನ್ನೊಂದು ಆದೇಶ ಕೊಟ್ಟರು. ಜನ ಕೇಳಲು ಶುರು ಮಾಡುವ ಮೊದಲು ಹದಿನೆಂಟು ಬೀದಿಯ ಗೂಟಗಳನ್ನೂ ಕಿತ್ತು ತರಬೇಕು. ಗಲಾಟೆಯಿಲ್ಲದೆ. ಯಾರಾದರೂ ಕೇಳಿದರೆ ಮರು ಅಳತೆ ಎನ್ನಬೇಕು. ಒಂದನ್ನೂ ಮುರಿಯಬಾರದು. ಅಂಕಿ ಅಳಿಸಿ, ಬೀದಿವಾರು ಕಟ್ಟು ಕಟ್ಟಿ ಗೋದಾಮಿನಲ್ಲಿ ಇಡಬೇಕು. ಯಾಕೆ ಎಂದು ಕೇಳಿದೆ. “ಐದು ವರ್ಷ ಏನು ದೂರ ಇದೆಯಪ್ಪಾ?” ಅಂದರು.

ನಿಮ್ಮ ಬೀದಿ ಏಪ್ರಿಲ್ ನಾಲ್ಕರ ಗುರುವಾರಕ್ಕೆ ಬಿದ್ದಿದೆ. ಲಾರಿ, ಇಬ್ಬರು ಆಳು. ಟ್ಯಾಂಕರ್ ಬರುವ ಹೊತ್ತಿಗೆ ಎಲ್ಲರೂ ಕೆಳಗಿನ ತಿರುವಿನಲ್ಲಿ ಸಾಲಿನಲ್ಲಿರುತ್ತಾರಲ್ಲ, ಒಂದು ಗಂಟೆಯಲ್ಲಿ ಮುಗಿಸಿಬಿಡುತ್ತೇವೆ. ನೀನು ಅವತ್ತು ಒಳಗೇ ಇರು, ಅಥವಾ ಆಸ್ಪತ್ರೆಗೆ ಹೋಗಿಬಿಡು. ನಾನು ನಿನಗೆ ಹೇಳಿಯೇ ಬರುತ್ತಿದ್ದೇನೆ, ಈ ಸಲ ಕದ್ದು ಬರುತ್ತಿಲ್ಲ.

ನಿನ್ನ ತಮ್ಮ


ಮಾರ್ಚ್ 28

ತಮ್ಮಾ,

ಕದ್ದು ಬರುತ್ತಿಲ್ಲ ಎಂದು ಬರೆದೆಯಲ್ಲ, ಆ ಸಾಲನ್ನು ನೀನೇ ಇನ್ನೊಮ್ಮೆ ಓದಿಕೊ. ಎಂಬತ್ತು ಜನರ ಕಣ್ಣು ತಪ್ಪಿಸಿ, ನನ್ನೊಬ್ಬಳಿಗೆ ಹೇಳಿ ಬಂದರೆ ಅದು ಕದ್ದು ಬಂದಂತೆ ಅಲ್ಲವೆ?

ಅಪ್ಪನ ಕಟ್ಟಳೆ ಮರೆತೆಯಾ? ಕೆಲಸ ನಿಂತುಹೋದರೆ ಹೊಡೆದವನೇ ಹೋಗಿ ಕೀಳಬೇಕು, ಬೇರೆಯವರನ್ನು ಕಳಿಸಬಾರದು, ಅಕ್ಕಪಕ್ಕದವರನ್ನು ಕರೆದು ಅವರ ಮುಂದೆ ಕೀಳಬೇಕು. ಸುಮ್ಮನೆ ಉಳಿದ ಗೂಟ ಮುಂದೆ ಬರುವವನ ದಾರಿ ತಪ್ಪಿಸುತ್ತದೆ ಎನ್ನುತ್ತಿದ್ದರು. ಒಂದು ಸಲ ಜ್ವರದಲ್ಲಿ ಎದ್ದು ಹನ್ನೆರಡು ಮೈಲಿ ಹೋಗಿ ಎರಡು ಗೂಟ ಕಿತ್ತು ಬಂದರು. ಅವತ್ತು ನೀನೂ ಜೊತೆಗಿದ್ದೆ.

ನಾನು ಒಳಗೆ ಕೂರುವುದಿಲ್ಲ. ಮನೆ ಮನೆಗೆ ಹೋಗಿ ಹೇಳಿದ್ದೇನೆ: ಗೂಟ ಹೊಡೆದವನು ಗುರುವಾರ ಬರುತ್ತಾನೆ, ಅವನು ನನ್ನ ಸ್ವಂತ ತಮ್ಮ, ಅವತ್ತು ಟ್ಯಾಂಕರ್ ಸಾಲಿಗೆ ಮನೆಗೊಬ್ಬರನ್ನು ಕಳಿಸಿ ಉಳಿದವರು ಬೀದಿಯಲ್ಲಿರಿ ಎಂದು. ಇನ್ನೇನೂ ಹೇಳಿಲ್ಲ. ನಿನ್ನ ಮಾತನ್ನು ನಾನು ಆಡುವುದಿಲ್ಲ. ಮರು ಅಳತೆ ಎಂದು ಹೇಳಬೇಕೆನಿಸಿದರೆ ಹೇಳು, ನಾನು ಅಲ್ಲೇ ನಿಂತು ಕೇಳಿಸಿಕೊಳ್ಳುತ್ತೇನೆ.

ಅಜ್ಜ ಕೊಳವೆ ಬರುವ ದಾರಿಯೆಂದು ದಿನಾ ಬೆಳಿಗ್ಗೆ ಗೂಟಗಳ ಸುತ್ತ ಕಸ ಗುಡಿಸುತ್ತಾರೆ. ಇದೂ ನಿನಗೆ ಗೊತ್ತಿರಲಿ.

ಅಕ್ಕ


ಏಪ್ರಿಲ್ 1

ಅಕ್ಕಾ,

ಬರುತ್ತೇನೆ. ಒಬ್ಬನೇ. ಲಾರಿ ಬರುವುದಿಲ್ಲ.

ಹೆದರಿಕೆಯಾಗುತ್ತಿದೆ.

ತಮ್ಮ


ಏಪ್ರಿಲ್ 10

ಕಡ್ಡಿ,

ಆರು ದಿನವಾಯಿತು. ನೀನು ಹೋದಮೇಲೆ ಇಲ್ಲಿ ಏನಾಯಿತೆಂದು ನಿನಗೆ ತಿಳಿಯದು, ಅಂದು ನನ್ನ ಎದೆಯಲ್ಲೇನಿತ್ತೆಂದೂ ತಿಳಿಯದು. ಎರಡನ್ನೂ ಬರೆಯುತ್ತೇನೆ.

ನೀನು ಬಸ್ಸಿಳಿದು ಏರಿನಲ್ಲಿ ಬರುವುದನ್ನು ನಾನು ಬಾಗಿಲಲ್ಲಿ ನಿಂತು ನೋಡಿದೆ. ಟೋಪಿ ತೆಗೆದು ಕೈಯಲ್ಲಿ ಹಿಡಿದಿದ್ದೆ. ಬೀದಿಯ ನಡುವೆ ನಿಂತು, ಪೀಠಿಕೆಯಿಲ್ಲದೆ, “ಈ ಗೂಟ ಸುಳ್ಳು. ನಾನೇ ಹೊಡೆದಿದ್ದು. ನಿಮ್ಮ ಓಟಿಗೋಸ್ಕರ ಹೊಡೆದಿದ್ದು. ನೀರಿನ ಯೋಜನೆ ಇಲ್ಲ,” ಎಂದೆ. ನಿನ್ನ ದನಿ ಬೀದಿಯ ಕೊನೆಯವರೆಗೆ ಕೇಳಿಸಿತು. ಯಾರಾದರೂ ಬೈದಿದ್ದರೆ, ಕೈ ಎತ್ತಿದ್ದರೆ ನನಗೆ ಹಗುರಾಗುತ್ತಿತ್ತು. ಹಿಂದಿನಿಂದ ಒಬ್ಬರು ಮಾತ್ರ “ಟೋಪಿ ಹಾಕ್ಕೊಂಡು ಬಂದೋನು ಬೀದಿಗೇ ಟೋಪಿ ಹಾಕಿದ್ನಲ್ಲ,” ಎಂದರು. ಅದಕ್ಕೂ ಯಾರೂ ನಗಲಿಲ್ಲ.

ನೀನು ಒಂದನೆಯ ಗೂಟದಿಂದ ಶುರು ಮಾಡಿದೆ. ಮೊದಲು ತಿರುವಿ, ಆಮೇಲೆ ಎಳೆದು, ಗುಂಡಿಗೆ ಮಣ್ಣು ತುಂಬಿ, ಕಾಲಲ್ಲಿ ಅದುಮಿ, ಮುಂದಿನದಕ್ಕೆ. ಅಪ್ಪನ ಹಾಗೆಯೇ. ನಲವತ್ತೊಂದನ್ನೂ ಕಿತ್ತು ತೋಳಿನ ತುಂಬ ಹೊತ್ತು, ಎರಡು ಸಲ ಓಡಾಡಿ, ಬ್ರೆಡ್ಡಿನವನ ಅಂಗಡಿಯ ಮುಂದೆ ರಾಶಿ ಹಾಕಿ, “ಒಲೆಗೆ ಹಾಕ್ಬಿಡಿ. ಇದು ಗೋದಾಮಿಗೆ ವಾಪಸ್ ಹೋಗಬಾರದು,” ಎಂದೆ. ಅವನು ಬಣ್ಣದ ವಾಸನೆ ಬನ್ನಿಗೆ ಹತ್ತುತ್ತದೆ ಎಂದು ನೀಲಿ ತಲೆಗಳನ್ನು ಕತ್ತರಿಸಿ ಬಿಸಾಡಿ ಉಳಿದದ್ದನ್ನು ಉರಿಸಿದ. ಗೂಟ ವಾಪಸ್ಸು ಕೊಡದವನ ಕೆಲಸ ಉಳಿದಿರಲಾರದು ಎಂದು ನನಗೆ ಅರ್ಥವಾಗುತ್ತದೆ. ನೀನು ಹೇಳಿಕೊಳ್ಳಲಿಲ್ಲ, ನಾನೂ ಕೇಳಲಿಲ್ಲ.

ಆಮೇಲೆ ನೀನು ನನ್ನ ಬಾಗಿಲಿಗೆ ಬಂದೆ. ಅಂಗೈಯ ಚರ್ಮ ಸುಲಿದಿತ್ತು. “ಅಕ್ಕಾ, ಸ್ವಲ್ಪ ನೀರು,” ಎಂದೆ. ನಾನು ನಿನ್ನ ಮುಖ ನೋಡಿದೆ, ಬಾಗಿಲು ಹಾಕಿಕೊಂಡೆ. ನೀನು ಸ್ವಲ್ಪ ಹೊತ್ತು ಹೊರಗೆ ನಿಂತಿದ್ದು ಕಿಂಡಿಯಿಂದ ಕಂಡಿತು. ನಿನ್ನ ಬಸ್ಸು ಹೋದ ಸದ್ದು ಕೇಳುವವರೆಗೆ ನಾನು ಚಿಲಕ ತೆಗೆಯಲಿಲ್ಲ.

ಸಂಜೆ ಬೀದಿಯವರೆಲ್ಲ ಅಂಗಳಗಳಲ್ಲಿ ನಿಂತಿದ್ದಾಗ ನಾನೂ ಹೊರಗೆ ಹೋದೆ. ನೀನು ಹೇಳಿ ಹೋದದ್ದರಲ್ಲಿ ನನ್ನ ಪಾಲು ಉಳಿದಿತ್ತು. “ಮತ ಹಾಕೋದಕ್ಕೆ ಹನ್ನೊಂದು ದಿನ ಮುಂಚೆನೇ ನನಗೆ ಗೊತ್ತಿತ್ತು. ಹೇಳಲಿಲ್ಲ,” ಎಂದೆ. ಅಷ್ಟು ಹೇಳಿ ಒಳಗೆ ಬಂದೆ. ಮಾರನೆಯ ದಿನ ನನ್ನ ಅಂಗಡಿಗೆ ಒಂದು ಕರವಸ್ತ್ರವೂ ಬರಲಿಲ್ಲ. ಅದರ ಮಾರನೆಯ ದಿನವೂ ಇಲ್ಲ. ಸೋಮವಾರ ಟ್ಯಾಂಕರ್ ಸಾಲಿನಲ್ಲಿ ನನ್ನ ಹಿಂದೆ ಮುಂದೆ ಒಂದೊಂದು ಮಾರು ಜಾಗ ಬಿಟ್ಟು ನಿಂತರು. ಇಪ್ಪತ್ತು ವರ್ಷ ಬದುಕಿದ ಬೀದಿ ಇದು. ಅಳು ಬಂತು, ಕೊಡ ತುಂಬುವವರೆಗೆ ತಡೆದುಕೊಂಡೆ.

ನಿನ್ನೆ ಬೆಳಿಗ್ಗೆ, ನಾನು ಆಸ್ಪತ್ರೆಗೆ ಹೊರಡುವ ಮುಂಚೆ, ಅಜ್ಜ ಬಂದರು. ಕಂಕುಳಲ್ಲಿ ಬಟ್ಟೆಯ ಗಂಟು. ಕೆಳಗೆ ಇಡಲಿಲ್ಲ, ಹಿಡಿದುಕೊಂಡೇ ನಿಂತರು.

“ನಿನ್ನ ತಮ್ಮ ಬಸ್ಸಿಗೆ ಹೋಗೋ ಮುಂಚೆ ನನ್ನ ಮನೆ ಹತ್ರ ಬಂದಿದ್ದ,” ಎಂದರು.

ನನಗೆ ಗೊತ್ತೇ ಇರಲಿಲ್ಲ.

“ಗಿಡದ ಬುಡ ತೋರಿಸು ಅಂದ. ತೋರಿಸಿದೆ. ಕೂತ್ಕೊಂಡು ಮುಟ್ಟಿ ನೋಡಿದ. ಆಮೇಲೆ ಹೇಳಿದ, ‘ನಮ್ಮಕ್ಕ ಓದಿದ್ದರಲ್ಲಿ ಒಂದಂಗುಲಾನೂ ತಪ್ಪಿಲ್ಲ ಅಜ್ಜ. ಅವಳು ಸರಿಯಾಗೇ ಓದಿದ್ಲು, ನಾನು ಸುಳ್ಳು ಬರೆದಿದ್ದೆ’ ಅಂತ.”

ನಾನು ಇಸ್ತ್ರಿಪೆಟ್ಟಿಗೆ ಪಕ್ಕಕ್ಕಿಟ್ಟೆ.

“ಓದಿದ್ದು ಸರಿ. ಒಪ್ಪಿದೆ. ಗೊತ್ತಾದ್ಮೇಲೆ ಹನ್ನೊಂದು ದಿನ ಸುಮ್ನಿದ್ದೆಯಲ್ಲ, ಅದು?”

“ಅದು ತಪ್ಪು ಅಜ್ಜ,” ಎಂದೆ.

ಅವರು ಗಂಟನ್ನು ಮೇಜಿನ ಮೇಲಿಟ್ಟು, “ಕಾಲರಿಗೆ ಗಂಜಿ ಕಮ್ಮಿ ಹಾಕು, ಹೋದ ಸಲ ಕುತ್ತಿಗೆ ಕೆರೀತು,” ಎಂದು ಹೊರಟರು. ಹೊಸ್ತಿಲಲ್ಲಿ ತಿರುಗಿ, “ನಿಂಬೆ ಗಿಡ ಮಾತ್ರ ಹೋಯ್ತಲ್ಲಮ್ಮ,” ಎಂದರು. ಹೌದು ಅಜ್ಜ, ಎಂದೆ.

ನೀರಿಲ್ಲ, ಕೋಣೆಯಿಲ್ಲ, ಬೀದಿಯಲ್ಲಿ ಗಿರಾಕಿ ಒಬ್ಬರೇ. ನಿನ್ನ ಮೇಲಿನ ಸಿಟ್ಟೂ ಪೂರ್ತಿ ಇಳಿದಿಲ್ಲ, ಅದನ್ನು ಮುಚ್ಚಿಡುವುದಿಲ್ಲ. ಆದರೂ ಒಂದು ಬರೆಯಲೇಬೇಕು, ಅದಕ್ಕಾಗಿಯೇ ಈ ಕಾಗದ. ನೀನು ಬಾಗಿಲಲ್ಲಿ ನೀರು ಕೇಳಿದಾಗ ಒಳಗೆ ಎರಡು ಕೊಡ ತುಂಬಿದ್ದವು. ಮನೆಗೊಬ್ಬರಂತೆ ಸಾಲಿಗೆ ಹೋದವರು ನನ್ನ ಪಾಲನ್ನೂ ಅವತ್ತೇ ಹಿಡಿದು ತಂದು ಇಟ್ಟಿದ್ದರು. ಆರು ದಿನದಿಂದ ಪ್ರತಿ ಸಲ ಲೋಟ ಅದ್ದುವಾಗಲೂ ನಿನ್ನ ಸುಲಿದ ಅಂಗೈ ಕಾಣುತ್ತದೆ.

ಬಾ. ಮಂಗಳವಾರ ಬೇಡ, ನಾನು ಮನೆಯಲ್ಲಿರುವ ದಿನ ಬಾ. ಬಾಗಿಲಲ್ಲಿ ನಿಂತು ಕೇಳಬೇಡ, ಒಳಗೆ ಬಂದು ನೀನೇ ಬಗ್ಗಿಸಿಕೊಂಡು ಕುಡಿ.

ನಿನ್ನ ಅಕ್ಕ